ತೋಡಿಯ ‘ಗ’ ಕೀಬೋರ್ಡ್‌ನಲ್ಲಿ ಯಾಕೆ ಸಿಗಲ್ಲ? ಗಮಕ ಗುರುತಿಸುವುದು ಹೇಗೆ?

ಕಪ್ಪುಮನೆ_ಬಿಳಿಮನೆ
ಎಲ್ಲರಿಗೂ ನಮಸ್ಕಾರ. ಕೀಬೋರ್ಡ್ ಸುಮಾರಾಗಿ ಬರುತ್ತದೆ, ಈಗ ಕರ್ನಾಟಕ ಸಂಗೀತ ಹಾಡುವುದನ್ನೂ ಕಲಿಯುತ್ತಿದ್ದೇನೆ, ಜಂಟಿ ವರಸೆ (ಪ್ರತಿ ಸ್ವರವನ್ನೂ ಎರಡೆರಡು ಸಲ ಹಾಡುವ ಆರಂಭದ ಪಾಠ) ಮುಗಿಯುತ್ತಾ ಬಂತು. ತೋಡಿ ರಾಗ ಕೇಳುವಾಗ ಒಂದು ಸಂಶಯ. ಪುಸ್ತಕದಲ್ಲಿ ಅದರ ಗ ಸ್ವರಕ್ಕೆ ಸಾಧಾರಣ ಗಾಂಧಾರ ಅಂತ ಇದೆ. ಷಡ್ಜವನ್ನು ಸಿ ಮನೆಗೆ ಇಟ್ಟುಕೊಂಡರೆ ಅದು ಡಿ ಶಾರ್ಪ್. ಆ ಕಪ್ಪು ಮನೆ ಒತ್ತಿ ಹಿಡಿದರೆ ತೋಡಿಯ ವಾಸನೆಯೂ ಇಲ್ಲ! ಹಾಡುವವರು ಆ ಜಾಗದಲ್ಲಿ ನಿಲ್ಲುವುದೇ ಇಲ್ಲ ಅನ್ನಿಸುತ್ತದೆ. ಸ್ವರವನ್ನು ಹಾಗೆ ಓಲಾಡಿಸಿ, ಜಾರಿಸಿ ಹಾಡುವುದೇ ಗಮಕ ಅಂತ ಗೊತ್ತು, ಆದರೆ ಕಂಪಿತ, ಸ್ಫುರಿತ, ಜಾರು, ನೊಕ್ಕು ಅಂತ ಪಟ್ಟಿ ಓದಿ ಓದಿ ತಲೆ ಕೆಟ್ಟಿದೆ. ಕೇಳಿದಾಗ ಗುರುತು ಹಿಡಿಯುವುದು ಹೇಗೆ? ಅಲ್ಲದೆ ಸ್ವರ ಗೊತ್ತಿದ್ದರೆ ಇದೆಲ್ಲ ಮೇಲಿನ ಅಲಂಕಾರ ತಾನೇ?

ವೀಣೆ_ಬುರುಡೆ
ಅಲಂಕಾರ ಅಂದುಕೊಂಡರೆ ತೋಡಿ ಕೈಗೆ ಹತ್ತಲ್ಲ. ರಿ ಹತ್ತಿರದಿಂದ ಮ ಕಡೆಗೆ ಹೋಗಿ ಬರುವ ಆ ಓಲಾಟಕ್ಕೇ ಅಲ್ಲಿ ಗ ಅಂತ ಹೆಸರು. ನಾನು ವೀಣೆ ನುಡಿಸುತ್ತೇನೆ, ಅದರಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಎಡಗೈ ಬೆರಳು ರಿ ಮೆಟ್ಟಿಲ (ತಂತಿಯ ಕೆಳಗಿನ ಅಡ್ಡಪಟ್ಟಿ) ಮೇಲಿರುತ್ತದೆ, ತಂತಿ ಮೀಟಿ ಪಕ್ಕಕ್ಕೆ ಎಳೆದರೆ ನಾದ ಮೇಲೇರುತ್ತದೆ, ಸಡಿಲ ಬಿಟ್ಟರೆ ಇಳಿಯುತ್ತದೆ. ಗ ಮೆಟ್ಟಿಲನ್ನು ಮುಟ್ಟದೇ ಗ ಕೇಳಿಸುತ್ತದೆ!

ಆರಭಿ, ದೇವಗಾಂಧಾರಿ ರಾಗಗಳೆರಡನ್ನೂ ಒಂದರ ಹಿಂದೆ ಒಂದು ಕೇಳಿ. ಎರಡಕ್ಕೂ ಆರೋಹಣ ಸ ರಿ ಮ ಪ ದ ಸ, ಅವರೋಹಣ ಸ ನಿ ದ ಪ ಮ ಗ ರಿ ಸ. ಕಾಗದದ ಮೇಲೆ ವ್ಯತ್ಯಾಸವೇ ಇಲ್ಲ. ಆರಭಿ ಚುರುಕಾಗಿ, ಹೆಚ್ಚು ಅಲುಗಾಡದ ಸ್ವರಗಳಲ್ಲಿ ಓಡುತ್ತದೆ. ದೇವಗಾಂಧಾರಿ ನಿಧಾನವಾಗಿ ತೂಗುತ್ತಾ ಸಾಗುತ್ತದೆ. ಗಮಕ ತೆಗೆದುಬಿಟ್ಟರೆ ಯಾವುದು ಯಾವುದು ಅಂತ ಹೇಳುವುದೇ ಕಷ್ಟ, ಅಲ್ವಾ?

ಜಂಟಿವರಸೆ
ಹೆಸರುಗಳನ್ನು ಸದ್ಯಕ್ಕೆ ಪಕ್ಕಕ್ಕಿಡಿ. 13ನೇ ಶತಮಾನದ ಸಂಗೀತಶಾಸ್ತ್ರಕಾರ ಶಾರ್ಙ್ಗದೇವ 15 ಗಮಕ ಹೇಳಿದ್ದಾನೆ, ಈಗ ಪಾಠದಲ್ಲಿ ದಶವಿಧ ಗಮಕ ಅಂತಾರೆ, 1904ರಲ್ಲಿ ಸುಬ್ಬರಾಮ ದೀಕ್ಷಿತರು ತಮ್ಮ ಗ್ರಂಥದಲ್ಲಿ ಕೃತಿಗಳಿಗೆ ಸ್ವರಲಿಪಿ ಬರೆಯುವಾಗ ಗಮಕಕ್ಕೆ ಚಿಹ್ನೆಗಳನ್ನೇ ಕೊಟ್ಟರು. ಪಟ್ಟಿ ಬಾಯಿಪಾಠ ಮಾಡಿದರೆ ಪರೀಕ್ಷೆ ಪಾಸಾಗಬಹುದು ಅಷ್ಟೇ.

ಸ್ಫುರಿತ ನಿಮಗೆ ಆಗಲೇ ಬರುತ್ತದೆ. ಸಸ ರಿರಿ ಗಗ ಹಾಡುವಾಗ ಎರಡನೇ ರಿ ಮೇಲೆ ಒತ್ತು ಕೊಡ್ತೀರಲ್ಲ, ಆಗ ಕೆಳಗಿನ ಸ ಒಂದು ಕ್ಷಣ ತಾಗಿ ಹೋಗುತ್ತದೆ. ಅದೇ ಸ್ಫುರಿತ. ಒಂದು ಸ್ವರದಿಂದ ಇನ್ನೊಂದಕ್ಕೆ ನಡುವೆ ಕಡಿಯದೆ ಜಾರಿದರೆ ಜಾರು. ಒಂದೇ ಸ್ವರ ಓಲಾಡಿದರೆ ಕಂಪಿತ. ಈ ಮೂರು ಕಿವಿಗೆ ಹತ್ತಿದರೆ ಸದ್ಯಕ್ಕೆ ಸಾಕು. ರೆಕಾರ್ಡಿಂಗ್ ಅನ್ನು ಅರ್ಧ ವೇಗಕ್ಕೆ ಇಳಿಸಿ ಒಂದೇ ಸಾಲು ಕೇಳಿ, ಬೇರೆ ಬೇರೆಯಾಗಿ ಕೇಳಿಸುತ್ತವೆ.

ಧಾರವಾಡದ_ಮಳೆ
ನಮ್ಮ ಹಿಂದೂಸ್ತಾನಿ ಕಡೆ ಜಾರು ಅನ್ನುವುದಕ್ಕೆ ಮೀಂಡ್ ಅಂತೀವಿ, ಸುಮ್ನೆ ತಾಗಿ ಹೋಗುವ ಸ್ವರಕ್ಕೆ ‘ಕಣ್’ ಅಂತೀವಿ. ದರ್ಬಾರಿ ರಾಗದ ಕೋಮಲ ಗ ಕೇಳಿ, ಎಷ್ಟು ನಿಧಾನವಾಗಿ ತೂಗುತ್ತದೆ ನೋಡಿ, ಅದು ಆಂದೋಲನ. ಆದರೆ ಗೊಂದಲ ಮಾಡಿಕೊಳ್ಳಬೇಡಿ, ನಮ್ಮಲ್ಲಿ ಗಮಕ್ ಅಂದರೆ ಎದೆಯಿಂದ ಜೋರಾಗಿ ಬರುವ ಒಂದು ಬಗೆ ಮಾತ್ರ.

ಮನೆ ಒತ್ತುವ ವಾದ್ಯದ ಜಗಳವೂ ಹಳೆಯದೇ. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನೇ ನಿಷೇಧಿಸಿತ್ತು, ಮೀಂಡ್, ಗಮಕ ಅದರಲ್ಲಿ ಬರಲ್ಲ ಅನ್ನುವುದು ಒಂದು ಮುಖ್ಯ ಆಕ್ಷೇಪ. ನಿಷೇಧ ಸಡಿಲವಾಗಿದ್ದು 1971ರಲ್ಲಿ. ನನ್ನ ಕೇಳಿದರೆ ಅದು ಅತಿ ಆಯಿತು. ಖಯಾಲ್ ಗಾಯನದ ಜೊತೆ ಹಾರ್ಮೋನಿಯಂ ಸಾಥ್ ಇಲ್ಲದಿದ್ದರೆ ಬಣ ಬಣ ಅನ್ನಿಸುತ್ತದೆ.

ಕಪ್ಪುಮನೆ_ಬಿಳಿಮನೆ
ದೇವಗಾಂಧಾರಿ ಈಗ ತಾನೇ ಕೇಳಿದೆ, ಅಬ್ಬಾ! ಇನ್ನೊಂದು ಪ್ರಶ್ನೆ. ನನ್ನ ಕೀಬೋರ್ಡ್‌ನಲ್ಲಿ ನಾದವನ್ನು ಏರಿಳಿಸುವ ಪಿಚ್ ಬೆಂಡ್ ಚಕ್ರ ಇದೆ. ಅದರಲ್ಲಿ ತೋಡಿಯ ಗ ಬರಿಸಬಹುದಾ?

ವೀಣೆ_ಬುರುಡೆ
ಬರುತ್ತದೆ. ಹೆಚ್ಚಿನ ಕೀಬೋರ್ಡ್‌ಗಳಲ್ಲಿ ಚಕ್ರ ಮೇಲಕ್ಕೆ ಎರಡು ಮನೆ, ಕೆಳಕ್ಕೆ ಎರಡು ಮನೆ ಹೋಗುವಂತೆ ಇಟ್ಟಿರುತ್ತಾರೆ. ಡಿ ಶಾರ್ಪ್‌ನಿಂದ ಎರಡು ಮನೆ ಇಳಿದರೆ ತೋಡಿಯ ರಿ, ಎರಡು ಏರಿದರೆ ಮ. ಲೆಕ್ಕ ಸರಿಯಾಗಿದೆ, ಆದರೆ ಕೈ ಬಿಟ್ಟರೆ ಚಕ್ರ ಮಧ್ಯಕ್ಕೆ ಬಂದು ಗ ಮೇಲೇ ನಿಲ್ಲುತ್ತದೆ, ನಮಗೆ ಬೇಡದ್ದೂ ಅದೇ. ಸೆಟ್ಟಿಂಗ್ಸ್‌ನಲ್ಲಿ ಚಕ್ರದ ವ್ಯಾಪ್ತಿಯನ್ನು ನಾಲ್ಕು ಮನೆಗೆ ಏರಿಸಿ, ರಿ ಒತ್ತಿ ಹಿಡಿದು, ಚಕ್ರವನ್ನು ಮೇಲಕ್ಕೆ ಮಾತ್ರ ತಳ್ಳಿ ಬಿಡಿ. ಆಗ ವಾಪಸ್ ಬರುವುದು ರಿಗೆ. ವೀಣೆಯಲ್ಲಿ ನಾವು ಮಾಡುವುದೂ ಇದನ್ನೇ. ಮೊದಲು ತೀರಾ ನಿಧಾನಕ್ಕೆ ಮಾಡಿ, ಕೈ ಕೂತ ಮೇಲೆ ವೇಗ.