ಸಹಾಯ ಬೇಕು: ಗರ್ಭಕೋಶದೊಳಗಿನ ಪರದೆಯನ್ನು ಕತ್ತರಿಸಬೇಕೇ?

ನನ್ನ ತಂಗಿಗೆ ಮತ್ತೆ ಮತ್ತೆ ಗರ್ಭಪಾತವಾಗುತ್ತಿದೆ. ಸಾಮಾನ್ಯ ಸ್ಕ್ಯಾನಿಂಗ್‌ನಲ್ಲಿ ಎರಡು ಕೊಂಬಿನ ಗರ್ಭಕೋಶ (ಮೇಲ್ಭಾಗ ಹೊರಗಿನಿಂದಲೇ ಎರಡಾಗಿ ಕವಲೊಡೆದದ್ದು) ಎಂದಿದ್ದರು. ಎಂಆರ್‌ಐ ಮಾಡಿಸಿದಾಗ ಹೊರಗಿನ ಆಕಾರ ಸರಿಯಿದೆ, ಒಳಗೆ ಪರದೆಯಿದೆ ಎಂದು ತಿಳಿಯಿತು. ಅವಳೇ ಭ್ರೂಣವಾಗಿದ್ದಾಗ, ಗರ್ಭಕೋಶವಾಗಿ ಬೆಳೆಯುವ ಎರಡು ನಾಳಗಳು ಕೂಡಿದ ಮೇಲೆ ಕರಗಬೇಕಿದ್ದ ಗೋಡೆಯದು. ಅವಳ ತಪ್ಪೇನೂ ಇಲ್ಲ. ಮನೆಯ ಹಿರಿಯರಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ.

ವೈದ್ಯರು ಹಿಸ್ಟರೋಸ್ಕೋಪಿ (ಯೋನಿಯ ಮೂಲಕ ಗರ್ಭಕೋಶದೊಳಗೆ ಕ್ಯಾಮೆರಾ ಇರುವ ತೆಳು ಕೊಳವೆ ಹಾಕುವ ವಿಧಾನ) ಮೂಲಕ ಕತ್ತರಿಸೋಣ ಎನ್ನುತ್ತಾರೆ. ಆದರೆ 2021ರಲ್ಲಿ ಪ್ರಕಟವಾದ, ಸುಮಾರು 80 ಮಹಿಳೆಯರ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಕತ್ತರಿಸಿದ್ದರಿಂದ ಜೀವಂತ ಜನನದ ಪ್ರಮಾಣ ಹೆಚ್ಚಲಿಲ್ಲ. ಅಧ್ಯಯನ ಚಿಕ್ಕದು, ನಮ್ಮ ಗೊಂದಲ ದೊಡ್ಡದು.

ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಅಥವಾ ಬೇಡವೆಂದು ಮುಂದುವರಿದವರು ಇದ್ದರೆ ದಯವಿಟ್ಟು ಬರೆಯಿರಿ. ಬಳಿಕ ಎಷ್ಟು ಕಾಲ ಕಾಯಲು ಹೇಳಿದರು? ಗರ್ಭಿಣಿಯಾದಾಗ ಗರ್ಭಕಂಠದ ಉದ್ದವನ್ನು ಅಳೆಯುತ್ತಿದ್ದರೇ? ಮೈಸೂರಿನಲ್ಲಿ ಎರಡನೇ ಅಭಿಪ್ರಾಯ ಕೊಡುವ ಅನುಭವಿ ವೈದ್ಯರು ಗೊತ್ತಿದ್ದರೆ ಅದನ್ನೂ ತಿಳಿಸಿ.