ಬೀದಿ ಸಸಿಗಳು ಬಾಡುತ್ತಿವೆ, ಇರೋ ನೀರಲ್ಲಿ ಉಳಿಸೋದು ಹೇಗೆ?

ನಮ್ಮದು ಕೋಲಾರದ ಟಮಕ ಕಡೆ ಬಡಾವಣೆ. ಎರಡು ವರ್ಷದ ಹಿಂದೆ ಎಲ್ಲರೂ ಸೇರಿ ನೆಟ್ಟ ಹೊಂಗೆ, ಬೇವು, ನೇರಳೆ ಬಾಡುತ್ತಿವೆ. ಮನೆಗೇ ಟ್ಯಾಂಕರ್ ನೀರು. ಬೇರೆ ಬೀದಿಯವರು ಏನು ಮಾಡುತ್ತಿದ್ದೀರಿ, ದಯವಿಟ್ಟು ಹೇಳಿ.

ಉತ್ತರ: ಅಕ್ಕ, ಎಲ್ಲ ಮರಕ್ಕೂ ನೀರು ಹಾಕೋಕೆ ಹೋಗಬೇಡಿ. ದೊಡ್ಡ ಹೊಂಗೆ, ಬೇವು ಬಯಲುಸೀಮೆಯ ಮರಗಳು, ತಡೆದುಕೊಳ್ಳುತ್ತವೆ. ಇರುವ ನೀರು ಸಸಿಗಳಿಗೆ ಹೋಗಲಿ. ಹೊಂಗೆ ಎಲೆ ಉದುರಿಸಿದೆ ಅಂತ ಗಾಬರಿಯೂ ಬೇಡ. ಯುಗಾದಿ ಆಸುಪಾಸಿನಲ್ಲಿ ಅದು ಹೊಸ ಚಿಗುರು ಬಿಡುವ ಮರ. ಅನುಮಾನ ಇದ್ದರೆ ಕೊಂಬೆಯ ತೊಗಟೆಯನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವ ಇದೆ.

ದಿನಾ ಒಂದೊಂದು ಚೊಂಬು ಸುರಿದರೆ ಪ್ರಯೋಜನ ಕಡಿಮೆ. ಮೇಲಿನ ಮಣ್ಣು ಮಾತ್ರ ನೆನೆದು ಮಧ್ಯಾಹ್ನಕ್ಕೆ ಆರಿಹೋಗುತ್ತದೆ, ಬೇರು ಆಳಕ್ಕೆ ಇಳಿಯುವುದಿಲ್ಲ. ಅದರ ಬದಲು ವಾರಕ್ಕೊಮ್ಮೆ ಸಂಜೆ ಹೊತ್ತು ಸಸಿಗೆ ಎರಡು ಕೊಡ, ನಿಧಾನಕ್ಕೆ. ನಾವು 20 ಲೀಟರ್‌ನ ಹಳೇ ಕ್ಯಾನ್‌ಗಳ ತಳಕ್ಕೆ ಸಣ್ಣ ತೂತು ಮಾಡಿ, ಬುಡದಿಂದ ಒಂದು ಗೇಣು ಆಚೆ ಇಡುತ್ತೇವೆ. ರಾತ್ರಿಯೆಲ್ಲಾ ತೊಟ್ಟಿಕ್ಕಿ ಕೆಳಗೆ ಇಳಿಯುತ್ತದೆ. ಪಾತಿಯ ಮೇಲೆ ತರಗೆಲೆ ದಪ್ಪಗೆ ಮುಚ್ಚಿ. ಕಾಂಡಕ್ಕೆ ಮಾತ್ರ ತಾಗಿಸಬೇಡಿ, ನಮ್ಮ ಕೆಂಪು ಮಣ್ಣಿನಲ್ಲಿ ಗೆದ್ದಲು ಬೇಗ ಹತ್ತುತ್ತದೆ. ತರಗೆಲೆಗೆ ಬೆಂಕಿ ಹಚ್ಚುವವರನ್ನು ಕಂಡರೆ ನನಗೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ.

ಇನ್ನೊಬ್ಬರು: ಅಕ್ಕಿ, ತರಕಾರಿ ತೊಳೆದ ನೀರು ಧಾರಾಳವಾಗಿ ಹಾಕಿ. ಬಟ್ಟೆಯ ಮೊದಲ ಸೋಪಿನ ನೀರು ಬೇಡ, ಕೊನೆಯ ಸಲ ಜಾಲಿಸಿದ್ದು ಪರವಾಗಿಲ್ಲ. ಶುದ್ಧ ನೀರಿನ ಘಟಕದಿಂದ ಮೋರಿಗೆ ಹೋಗುವ ನೀರಿನ ಬಗ್ಗೆ ಒಂದು ಎಚ್ಚರಿಕೆ. ನಮ್ಮ ಜಿಲ್ಲೆಯ ಬೋರ್‌ವೆಲ್ ನೀರಲ್ಲಿ ಮೊದಲೇ ಫ್ಲೋರೈಡ್, ಉಪ್ಪಿನ ಅಂಶ ಜಾಸ್ತಿ. ಘಟಕ ಹೊರಗೆ ಬಿಡುವ ನೀರಲ್ಲಿ ಅದು ಇನ್ನೂ ಗಟ್ಟಿಯಾಗಿರುತ್ತದೆ. ದೊಡ್ಡ ಮರಕ್ಕೆ ಆಗೊಮ್ಮೆ ಈಗೊಮ್ಮೆ ಹಾಕಬಹುದು, ಸಸಿಗೆ ಬೇಡ. ಎಲೆ ಅಂಚು ಸುಟ್ಟಂತೆ ಕಂಡರೆ, ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿದರೆ ನಿಲ್ಲಿಸಿಬಿಡಿ.

ಕೇಳಿದವರು: ತುಂಬಾ ಉಪಕಾರ ಅಣ್ಣ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕಳಿಸೋ ಕೆ.ಸಿ. ವ್ಯಾಲಿ ಯೋಜನೆಯ ನೀರು ಬಂದಿರೋ ಕೆರೆಯಿಂದ ಟ್ಯಾಂಕರ್ ತುಂಬಿಸಬಹುದಾ?

ಮೊದಲು ಉತ್ತರಿಸಿದವರು: ಬೇಡ ಅಕ್ಕ. ಬೆಂಗಳೂರಿನಲ್ಲಿ ಸಂಸ್ಕರಿಸಿದ ಆ ನೀರನ್ನು 2018ರಿಂದ ಕೆರೆಗಳಿಗೆ ಬಿಡುತ್ತಿರುವುದೇ ಅಂತರ್ಜಲ ಏರಲಿ ಅಂತ. ನಾವೇ ಪಂಪ್ ಇಟ್ಟು ಎತ್ತುವುದು ಸರಿಯಲ್ಲ. ನಗರಸಭೆಗೆ ಬಡಾವಣೆಯವರೆಲ್ಲ ಸಹಿ ಹಾಕಿ ಅರ್ಜಿ ಕೊಡಿ, ಸಸಿಗಳಿಗೆ ವಾರಕ್ಕೊಂದು ಟ್ಯಾಂಕರ್ ಕೇಳಿ. ಬುಡದ ಸುತ್ತ ಹಾಕಿರುವ ಕಾಂಕ್ರೀಟ್ ಒಡೆಸುವುದನ್ನೂ ಅದೇ ಅರ್ಜಿಯಲ್ಲಿ ಬರೆಯಿರಿ, ಇಲ್ಲದಿದ್ದರೆ ಮಳೆ ಬಂದರೂ ನೀರು ಬೇರಿಗೆ ಹೋಗದೆ ಚರಂಡಿಗೇ ಹೋಗುತ್ತದೆ. ಯಾವ ಮನೆಯವರು ಯಾವ ಸಸಿ ನೋಡಿಕೊಳ್ಳಬೇಕು ಅನ್ನೋದನ್ನು ಈಗಲೇ ಹಂಚಿಕೊಳ್ಳಿ. ನಮ್ಮಲ್ಲಿ ನಾಲ್ಕು ತೂತು ಕ್ಯಾನ್ ಹೆಚ್ಚಿಗೆ ಇವೆ. ಭಾನುವಾರ ಬಂದರೆ ಕೊಡುತ್ತೇನೆ.