ಬಿದ್ದು ಎದ್ದು ಸಾಕಾಗಿದೆ, ಹಳೇ ಚಟ ಬಿಡ್ಲಿಕ್ಕೆ ನಿಮ್ಗೆಲ್ಲ ಎಂತ ಸಹಾಯ ಆಯ್ತು?

ಕೇಳಿದವರು: ಮಂಗಳೂರು, ಹೆಸರು ಬೇಡ

ಎಲ್ರಿಗೂ ನಮಸ್ಕಾರ. ನಾನು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರೊಟೆಸ್ಟಂಟ್) ಸಭೆಯವ, ಸಂಡೇ ಸ್ಕೂಲ್ ಕನ್ಫರ್ಮೇಶನ್ ಎಲ್ಲ ಆಗಿ ಬೆಳೆದವ, ಆದ್ರೆ ನಿಜವಾಗಿ ದೇವರ ಕಡೆ ತಿರುಗಿದ್ದು ಕೆಲ್ಸಕ್ಕೆ ಸೇರಿದ ಮೇಲೆ. ಆಗ ಕುಡಿಯುದು ಬಿಟ್ಟಿದ್ದೆ, ಬೆಳಿಗ್ಗೆ ಬೇಗ ಎದ್ದು ಬೈಬಲ್ ಓದ್ತಿದ್ದೆ, ಅದೊಂದು ಖುಷಿಯೇ ಬೇರೆ ಇತ್ತು. ಈಗ ಎಂತದೂ ಇಲ್ಲ. ಬೈಬಲ್ ತೆಗೆದ್ರೆ ಅಕ್ಷರ ಕಾಣ್ತದೆ ಅಷ್ಟೆ. ಶುಕ್ರವಾರ ಆಫೀಸ್ ಬಿಟ್ಟ ಮೇಲೆ ಫ್ರೆಂಡ್ಸ್ ಒಟ್ಟಿಗೆ ಪುನಃ ಶುರುವಾಗಿದೆ, ರಾತ್ರಿ ಮೊಬೈಲಲ್ಲಿ ನೋಡಬಾರದ್ದು ನೋಡುದು ಅದೂ ಉಂಟು. ಪ್ರತಿ ಸಲ ಕ್ಷಮೆ ಕೇಳುದು, ಮತ್ತೆ ಅದೇ. ಈಗೀಗ ಕ್ಷಮೆ ಕೇಳ್ಲಿಕ್ಕೇ ನಾಚಿಕೆ ಆಗ್ತದೆ, ಕರ್ತನ ಭೋಜನ (ಯೇಸುವಿನ ನೆನಪಿಗೆ ರೊಟ್ಟಿ ದ್ರಾಕ್ಷಾರಸ ತಕ್ಕೊಳ್ಳುದು) ಇರುವ ಭಾನುವಾರ ಹಿಂದಿನ ಬೆಂಚಲ್ಲಿ ಕೂತು ಮೆಲ್ಲ ಹೊರಗೆ ಬರ್ತೇನೆ. ಅಮ್ಮನಿಗೆ ಗೊತ್ತಿಲ್ಲ. ದಯವಿಟ್ಟು ಉಪದೇಶ ಬೇಡ, ಅದು ನಂಗೂ ಬಾಯಿಪಾಠ ಉಂಟು. ಇದ್ರಿಂದ ದಾಟಿ ಬಂದವರು ಯಾರಾದ್ರೂ ಇದ್ರೆ ಎಂತ ಮಾಡಿದ್ರಿ ಅಂತ ಹೇಳಿ.

ಮಲ್ಪೆಯಿಂದ

ನಾನು ಬೋಟಿಗೆ ಹೋಗುವವ, ಬರ್ದು ಅಭ್ಯಾಸ ಇಲ್ಲ. ನಿಮ್ಗೆ ಶುಕ್ರವಾರ, ನಮ್ಗೆ ಮಳೆಗಾಲ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟು ಕಡಲಿಗೆ ಇಳಿಸ್ಲಿಕ್ಕಿಲ್ಲ, ಕೈಯಲ್ಲಿ ಸೀಸನ್ನಿನ ದುಡ್ಡು ಇರ್ತದೆ, ಕೆಲ್ಸ ಇಲ್ಲ, ಹೊರಗೆ ಧೋ ಅಂತ ಮಳೆ, ಬಾಟ್ಲಿ ತಾನಾಗಿ ಬರ್ತದೆ. ಮೇ ಕೊನೆಗೆ ಇನ್ನು ಮುಟ್ಟುದಿಲ್ಲ ಅಂತ ಪ್ರಾರ್ಥನೆ, ಜೂನಲ್ಲಿ ಅದೇ ಗಡಂಗು, ಹೀಗೇ ನಡೀತಿತ್ತು. ಮತ್ತಾಯ 12ರಲ್ಲಿ ಯೇಸುಸ್ವಾಮಿ ಹೇಳ್ತಾರಲ್ಲ, ದೆವ್ವ ಬಿಟ್ಟುಹೋದ ಮನೆಯನ್ನು ಗುಡಿಸಿ ಚಂದ ಮಾಡಿಟ್ಟಿದ್ರೂ ಅದು ಖಾಲಿ ಇದ್ದ ಕಾರಣ ದೆವ್ವ ಇನ್ನೂ ಏಳು ದೆವ್ವಗಳನ್ನು ಕರ್ಕೊಂಡು ವಾಪಾಸ್ ಬಂತು ಅಂತ, ಅದನ್ನು ನಮ್ಮ ಮನೆಕೂಟದಲ್ಲಿ ಓದಿದ ದಿನ ಇದು ನನ್ನ ಜೂನ್ ತಿಂಗಳ ಕತೆಯೇ ಅಂತ ಅನ್ನಿಸ್ತು. ಈಗ ಮಳೆಗಾಲಕ್ಕೆ ಬಲೆ ರಿಪೇರಿ ಕೆಲ್ಸ ಮೊದ್ಲೇ ಹಿಡ್ಕೊಳ್ತೇನೆ. ಒಟ್ಟಿಗೆ ಕೂತು ಮಾಡುವ ಕೆಲ್ಸ, ಸಂಜೆ ಆಗುವಾಗ ಸೊಂಟ ಹೋಗಿರ್ತದೆ, ಊಟ ಮಾಡಿ ಬಿದ್ಕೊಂಡ್ರೆ ಆಯ್ತು. ದುಡ್ಡು ಹೆಂಡತಿ ಹತ್ರ. ನೀವು ಶುಕ್ರವಾರ ಸಂಜೆ ಆರರಿಂದ ಹತ್ತರ ತನಕ ಎಂತ ಮಾಡುದು ಅಂತ ಗುರುವಾರವೇ ಫಿಕ್ಸ್ ಮಾಡಿ, ಶುಕ್ರವಾರ ಯೋಚಿಸ್ಲಿಕ್ಕೆ ಹೋಗ್ಬೇಡಿ.

ಇನ್ನೊಂದು, ಯೇಸುವಿನ ಶಿಷ್ಯ ಪೇತ್ರನ ಕತೆ ನಂಗೆ ತುಂಬ ಹತ್ತಿರ, ಅವನೂ ನಮ್ಮ ಕಸುಬಿನವನೇ ಅಲ್ವಾ. ಯೇಸುವನ್ನು ಗೊತ್ತೇ ಇಲ್ಲ ಅಂದವ ಮೀನಿಗೆ ವಾಪಾಸ್ ಹೋದ, ಇಡೀ ರಾತ್ರಿ ಒಂದು ಮೀನೂ ಇಲ್ಲ, ದಡಕ್ಕೆ ಬಂದ್ರೆ ಸ್ವಾಮಿ ಕೆಂಡದ ಮೇಲೆ ಮೀನು ಸುಡ್ತಾ ಕೂತಿದ್ದಾರೆ. ಮೊದ್ಲು ಊಟ ಕೊಟ್ರು. ಆಮೇಲೆ ಕೇಳಿದ್ದು ನನ್ನನ್ನು ಪ್ರೀತಿಸ್ತೀಯಾ ಅಂತ, ಯಾಕೆ ಹಾಗೆ ಮಾಡಿದ್ದು ಅಂತ ಕೇಳ್ಲೇ ಇಲ್ಲ. ಯೋಹಾನ 21, ಓದಿ.

ಬಲ್ಮಠ ಕಡೆಯವಳು

ತಮ್ಮಾ, ನಾನು ಕ್ವಾಯರಲ್ಲಿ ಹಾಡುವವಳು, ಅಮ್ಮ ತೀರಿ ಹೋದ ಮೇಲೆ ನಂಗೂ ಪ್ರಾರ್ಥನೆ ಮಾಡ್ಲಿಕ್ಕೆ ಬಾಯಿ ಬರ್ತಿರ್ಲಿಲ್ಲ. ಚಟ ಅಲ್ಲ ಬೇಜಾರು, ಆದ್ರೆ ಆ ಖಾಲಿತನ ಗೊತ್ತುಂಟು. ಆಗ ನನ್ನನ್ನು ಹಿಡಿದಿಟ್ಟದ್ದು ಕ್ವಾಯರ್ ಪ್ರಾಕ್ಟೀಸ್, ಯಾಕಂದ್ರೆ ಆಲ್ಟೋದಲ್ಲಿ (ಹೆಂಗಸರ ತಗ್ಗು ಸ್ವರದ ಗುಂಪು) ಜನ ಕಮ್ಮಿ, ಹೋಗದಿದ್ರೆ ಫೋನ್ ಬರ್ತದೆ! ಭಕ್ತಿ ಇದ್ದು ಹೋದದ್ದಲ್ಲ. ಕೀರ್ತನೆ 42ರಲ್ಲಿ ಹಾಡುವವನೇ ತನ್ನ ಮನಸ್ಸಿಗೆ ಯಾಕೆ ಹೀಗೆ ಕುಗ್ಗಿದ್ದೀ ಅಂತ ಕೇಳ್ತಾನೆ, ಉತ್ತರ ಸಿಗುದಿಲ್ಲ, ಸ್ವಲ್ಪ ಕೆಳಗೆ ಪುನಃ ಅದನ್ನೇ ಕೇಳ್ತಾನೆ, 43ರಲ್ಲಿ ಇನ್ನೊಮ್ಮೆ. 88ನೇ ಕೀರ್ತನೆಯಂತೂ ಕತ್ತಲೆಯಲ್ಲೇ ಮುಗೀತದೆ, ಕೊನೆಗೆ ಒಂದು ಸ್ತೋತ್ರ ಕೂಡ ಇಲ್ಲ, ಆದ್ರೂ ಅದು ಬೈಬಲಲ್ಲೇ ಉಂಟು. ಮಾತು ಬಾರದ ದಿನ ಅದನ್ನೇ ಗಟ್ಟಿಯಾಗಿ ಓದಿ, ಸಾಕು.

ಮತ್ತೆ ಪ್ರೊಟೆಸ್ಟಂಟ್ ಸುಧಾರಣೆ ಶುರು ಮಾಡಿದ ಮಾರ್ಟಿನ್ ಲೂಥರ್ ಕತೆ ಒಂದು. 1530ರಲ್ಲಿ ಅವರು ಕೋಬುರ್ಗ್ ಕೋಟೆಯಲ್ಲಿದ್ದಾಗ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳ್ತಿದ್ದ ವೆಲ್ಲರ್ ಅನ್ನುವವ ಹೀಗೇ ಕುಗ್ಗಿ ಹೋಗಿದ್ದ. ಅವನಿಗೆ ಬರ್ದ ಪತ್ರದಲ್ಲಿ ಲೂಥರ್ ಒಬ್ಬನೇ ಕೂರ್ಬೇಡ, ಜನರ ಒಟ್ಟಿಗೆ ಇರು, ನಗು, ತಮಾಷೆ ಮಾಡು ಅಂತ ಹೇಳ್ತಾರೆ. ಸೈತಾನನಿಗೆ ಉರೀಲಿ ಅಂತ ಸ್ವಲ್ಪ ಜಾಸ್ತಿ ಕುಡಿ ಅಂತಲೂ ಬರ್ದಿದ್ದಾರೆ ಮಾರಾಯ, ಅದೊಂದನ್ನು ಮಾತ್ರ ನೀನು ಬಿಟ್ಬಿಡು.

ಸುರತ್ಕಲ್

ಬ್ರದರ್ ಇದು ಪ್ರಾರ್ಥನೆ ಕಮ್ಮಿ ಆದದ್ದರಿಂದಲೇ. ಮೂರು ದಿನ ನೀರು ಮಾತ್ರ ಕುಡಿದು ಉಪವಾಸ ಮಾಡಿ, ಕುಡಿತದ ಆತ್ಮ ಅಲ್ಲೇ ಬಿಟ್ಟು ಓಡ್ತದೆ. ನನ್ನ ಅನುಭವ.

ಕಂಕನಾಡಿ, ನರ್ಸ್

ಸುರತ್ಕಲ್ ಅಣ್ಣ, ನಿಮ್ಗೆ ಹಾಗೆ ಆಗಿದ್ರೆ ದೇವರಿಗೆ ಸ್ತೋತ್ರ, ಆದ್ರೆ ಇದನ್ನು ಎಲ್ರಿಗೂ ಹೇಳ್ಬೇಡಿ ಪ್ಲೀಸ್. ವಾರಕ್ಕೊಮ್ಮೆ ಕುಡಿಯುವವನ ವಿಷಯ ಬೇರೆ, ದಿನಾ ಬೆಳಿಗ್ಗೆಯಿಂದ ಕುಡಿಯುವವ ಒಮ್ಮೆಗೇ ನಿಲ್ಲಿಸಿ ಊಟವನ್ನೂ ಬಿಟ್ರೆ ಎರಡು ಮೂರು ದಿನದೊಳಗೆ ಕೈ ನಡುಗಿ, ಫಿಟ್ಸ್ ಬಂದು, ಇಲ್ಲದ್ದೆಲ್ಲ ಕಂಡ ಹಾಗಾಗಿ ಜೀವಕ್ಕೇ ಅಪಾಯ ಆಗ್ಬಹುದು. ಅಂಥವರನ್ನು ವಾರ್ಡಿಗೆ ತರುವಾಗ ಮನೆಯವರು ದೆವ್ವ ಬಂದಿದೆ ಅಂತ ಹೇಳುದುಂಟು. ಅಂಥವರು ಡಾಕ್ಟರ್ ನೋಡಿಯೇ ಬಿಡ್ಬೇಕು. ವೆನ್‌ಲಾಕ್ ಸರ್ಕಾರಿ ಆಸ್ಪತ್ರೆಯಲ್ಲಿ ಉಂಟು, ಫಾದರ್ ಮುಲ್ಲರ್ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಉಂಟು, ಯಾರೂ ಜಾತಕ ಕೇಳುದಿಲ್ಲ.

ಕೇಳಿದ ತಮ್ಮನಿಗೆ ಒಂದು ಪ್ರಶ್ನೆ, ನಿದ್ದೆ ಹೇಗುಂಟು? ಎರಡು ವಾರಕ್ಕಿಂತ ಜಾಸ್ತಿ ನಿದ್ದೆ ಊಟ ಸರಿ ಇಲ್ಲದೆ, ಯಾವುದ್ರಲ್ಲೂ ಮನಸ್ಸಿಲ್ಲದೆ ಇದ್ರೆ ಅದು ಬರೀ ಆತ್ಮಿಕ ವಿಷಯ ಅಂತ ಕೂರ್ಬೇಡಿ. ಟೆಲಿ ಮಾನಸ್ ಅಂತ ಸರ್ಕಾರದ್ದು 14416, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ. ಚಟ ಬಿಡುವ ವಿಷಯಕ್ಕೇ ಆದ್ರೆ 14446. ಬೈಬಲಿನ ಪ್ರವಾದಿ ಎಲೀಯನಿಗೂ ದೇವದೂತ ಮೊದ್ಲು ಮಾಡಿದ್ದು ರೊಟ್ಟಿ ನೀರು ಕೊಟ್ಟು ಮಲಗ್ಲಿಕ್ಕೆ ಬಿಟ್ಟದ್ದು, ಅದೂ ಎರಡು ಸಲ. ಸಾಯ್ತೇನೆ ಅಂತ ಹೇಳಿದವನಿಗೆ ಅಲ್ಲಿ ಪ್ರಸಂಗ ಮಾಡ್ಲಿಲ್ಲ.

ಉಡುಪಿ, ನಿವೃತ್ತ ಸಭಾಪಾಲಕ

ಮಗಾ, ನೀನು ಹಿಂದಿನ ಬೆಂಚಿನಿಂದ ಎದ್ದು ಹೋಗುದು ಓದಿ ಬೇಜಾರಾಯ್ತು. ನನ್ನ ಸೇವೆಯಲ್ಲಿ ನಿನ್ನಂಥವರನ್ನು ತುಂಬ ಕಂಡಿದ್ದೇನೆ, ಹೋಗುವವರು ಯಾವಾಗ್ಲೂ ಮನಸ್ಸಾಕ್ಷಿ ಇದ್ದವರೇ, ಇಲ್ಲದವರು ಆರಾಮಾಗಿ ಮುಂದೆ ಬಂದು ನಿಲ್ತಾರೆ. ನೀನು ಹೆದರಿದ್ದು 1 ಕೊರಿಂಥ 11ಕ್ಕೆ ಅಂತ ಕಾಣ್ತದೆ, ಅಯೋಗ್ಯವಾಗಿ ತಿಂದವನು ಅಪರಾಧಿ ಅನ್ನುವ ಮಾತು. ಆದ್ರೆ ಅದನ್ನು ಮೇಲಿನಿಂದ ಓದು, 20ನೇ ವಚನದಿಂದ. ಆ ಪತ್ರ ಬರ್ದ ಅಪೊಸ್ತಲ ಪೌಲ ಅಲ್ಲಿ ಬೈತಿರುದು ಯಾರಿಗೆ? ಇದ್ದವರು ಕಾಯದೆ ಮೊದ್ಲೇ ತಿಂದು ಕುಡಿದು ಮತ್ತರಾಗಿ, ಬಡವರನ್ನು ಹಸಿದಿರುವ ಹಾಗೆ ಬಿಟ್ಟು ಅವಮಾನ ಮಾಡಿದವರಿಗೆ. ತನ್ನ ಪಾಪಕ್ಕೆ ಅತ್ತು ಹಿಂದೆ ಕೂತವನಿಗಲ್ಲ. ಮತ್ತೆ 28ನೇ ವಚನ, ಪ್ರತಿಯೊಬ್ಬ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಂಡು ತಿನ್ನಲಿ ಕುಡಿಯಲಿ ಅಂತ ಉಂಟು, ಪರೀಕ್ಷೆ ಮಾಡಿಕೊಂಡು ಎದ್ದು ಹೋಗಲಿ ಅಂತ ಇಲ್ಲ. ಆರಾಧನೆಯ ಕ್ರಮದಲ್ಲೇ ಪಾಪದ ಅರಿಕೆ, ಕ್ಷಮೆಯ ಮಾತು ಎಲ್ಲ ಭೋಜನಕ್ಕೆ ಮೊದ್ಲೇ ಯಾಕೆ ಇಟ್ಟಿದ್ದು ಅಂತ ಸ್ವಲ್ಪ ಯೋಚಿಸು.

ಅಂದ್ರೆ ಶುಕ್ರವಾರ ಕುಡಿದ್ರೂ ಪರ್ವಾಗಿಲ್ಲ ಅಂತ ಅಲ್ಲ. ಬಿಡ್ಬೇಕು ಅಂತ ಮನಸ್ಸಿದ್ದು ಬೀಳುವವ ಬೇರೆ, ಬಿಡ್ಲಿಕ್ಕೆ ಮನಸ್ಸೇ ಇಲ್ಲದವ ಬೇರೆ. ರೋಮಾಪುರ 7ರಲ್ಲಿ ಪೌಲ ಬೇಡದ್ದನ್ನೇ ಮಾಡ್ತೇನೆ ಅಂತ ಕೂಗಿದ ಮೇಲೆಯೇ 8ರ ಮೊದಲ ವಚನ ಬರುದು, ಕ್ರಿಸ್ತನಲ್ಲಿರುವವರಿಗೆ ಅಪರಾಧದ ತೀರ್ಪು ಈಗ ಇಲ್ಲ ಅಂತ. ಮುಂದಿನ ಭೋಜನಕ್ಕೆ ನೀನು ಬಾ.

ಕುಲಶೇಖರ

ನಾವು ಕ್ಯಾಥೊಲಿಕ್, ನಮ್ದೂ ಹೇಳ್ಬಹುದು ಅಂತ ಭಾವಿಸ್ತೇನೆ. ಕಾಲೇಜಲ್ಲಿರುವಾಗ ಒಬ್ರು ಜೆಸ್ವಿತ್ ಫಾದರ್ ನಂಗೆ ಸಂತ ಇಗ್ನೇಷಿಯಸ್ ಹೇಳಿದ ಕೆಲವು ನಿಯಮ ಕಲಿಸಿದ್ರು (ಜೆಸ್ವಿತರು ಅಂದ್ರೆ ಇಗ್ನೇಷಿಯಸ್ ಶುರು ಮಾಡಿದ ಸಂಘದವರು). ಇಗ್ನೇಷಿಯಸ್ ಮೊದ್ಲು ಸಿಪಾಯಿ, 1521ರ ಯುದ್ಧದಲ್ಲಿ ಗುಂಡು ತಾಗಿ ಕಾಲು ಮುರಿದು ಮಲಗಿದ ಮೇಲೆ ದೇವರ ಕಡೆ ತಿರುಗಿದವರು, ತಿರುಗಿದ ಮೇಲೂ ಮಾನ್ರೇಸದಲ್ಲಿ ಒಮ್ಮೆ ಹೇಳಿಯಾದ ಪಾಪವನ್ನೇ ಪುನಃ ಪುನಃ ಕುಮ್ಸಾರಿಗೆ (ಪಾದ್ರಿ ಹತ್ರ ಪಾಪ ಒಪ್ಪಿಕೊಳ್ಳುದು) ಹೇಳಿ ನೆಮ್ಮದಿ ಕಳ್ಕೊಂಡು ಸಾಯುವ ಯೋಚನೆ ತನಕ ಹೋಗಿದ್ರು. ಹಾಗಾಗಿ ಅವರ ಮಾತು ಪುಸ್ತಕದ್ದಲ್ಲ. ನಂಗೆ ಉಪಕಾರ ಆದದ್ದು ಎರಡು. ಮನಸ್ಸು ಕತ್ತಲೆಯಲ್ಲಿರುವಾಗ ಮೊದ್ಲು ಮಾಡಿದ ಒಳ್ಳೇ ತೀರ್ಮಾನ ಯಾವುದನ್ನೂ ಬದಲಿಸ್ಬಾರ್ದು, ಪೂಜೆಗೆ ಹೋಗುದು ಬಿಡುವ, ಗುಂಪು ಬಿಡುವ ಅಂತೆಲ್ಲ ಅನ್ನಿಸುದು ಆಗಲೇ. ಬದಲಿಗೆ ಪ್ರಾರ್ಥನೆಯನ್ನು ಒಂಚೂರು ಜಾಸ್ತಿ ಮಾಡ್ಬೇಕು, ತುಂಬ ಅಲ್ಲ, ಇನ್ನೊಂದು ಐದು ನಿಮಿಷ ಕೂರುದು ಅಷ್ಟೆ. ಎರಡನೇದು, ಸೈತಾನ ಕಳ್ಳ ಪ್ರೇಮಿಯ ಹಾಗೆ ಅಂತ ಅವರು ಹೇಳ್ತಾರೆ, ಹುಡುಗಿ ಹೋಗಿ ಅಪ್ಪನಿಗೆ ಹೇಳಿದ್ರೆ ಅವನ ಆಟ ಮುಗೀತು, ಅದಕ್ಕೇ ಯಾರಿಗೂ ಹೇಳ್ಬೇಡ ಅಂತ ಕಿವಿಯಲ್ಲಿ ಊದುದು. ನೀವು ಬರ್ದದ್ರಲ್ಲಿ ನಂಗೆ ಹೆದ್ರಿಕೆ ಆದದ್ದು ಕುಡಿತ ಅಲ್ಲ, ಅಮ್ಮನಿಗೆ ಗೊತ್ತಿಲ್ಲ, ಮೆಲ್ಲ ಹೊರಗೆ ಬರ್ತೇನೆ ಅನ್ನುವ ಮಾತು. ನಮ್ಗೆ ಕುಮ್ಸಾರ್ ಉಂಟು, ನಿಮ್ಗೆ ಯಾರಾದ್ರೂ ಒಬ್ರು ಬೇಕು. ಯಾಕೋಬ 5:16 ನಿಮ್ಮ ಬೈಬಲಲ್ಲೂ ಉಂಟಲ್ಲ, ಒಬ್ಬರಿಗೊಬ್ಬರು ಪಾಪ ಅರಿಕೆ ಮಾಡಿ ಅಂತ.

ಕೇಳಿದವರು

ಇಷ್ಟು ಜನ ಬರೀತೀರಿ ಅಂತ ಅಂದ್ಕೊಂಡಿರ್ಲಿಲ್ಲ. ಅಕ್ಕ, ನಿದ್ದೆ ಬರ್ತದೆ, ಆದ್ರೆ ಮೊಬೈಲ್ ನೋಡಿ ಲೇಟ್ ಆಗುದು. ಅಯ್ಯನವರೇ, 20ನೇ ವಚನದಿಂದ ಓದಿದೆ, ಥ್ಯಾಂಕ್ಸ್. ಆದ್ರೆ ಯಾರಿಗೆ ಹೇಳುದು? ನಮ್ಮ ಸಭಾಪಾಲಕರು ಅಪ್ಪನ ಫ್ರೆಂಡು. ಮತ್ತೆ ಬರುವ ಶನಿವಾರ ಆಫೀಸಿನ ಫ್ರೆಂಡಿನ ರೋಸ್ (ಮದುವೆಗೆ ಮೊದ್ಲು ತೆಂಗಿನ ಹಾಲು ಹಚ್ಚುವ ಶಾಸ್ತ್ರ) ಉಂಟು, ಅಲ್ಲಿ ಗ್ಲಾಸ್ ಹಿಡಿಯದೆ ಬರ್ಲಿಕ್ಕೆ ಬಿಡುದಿಲ್ಲ.

ಬಿಜೈ

ಗುರ್ತ ಇಲ್ಲದವರಿಗೆ ಹೇಳುದೇ ಸುಲಭ. ನಾನು ಆಲ್ಕೋಹಾಲಿಕ್ಸ್ ಅನಾನಿಮಸ್‌ಗೆ ಹೋಗುವವ, ಎಎ ಅಂತ ಹೇಳ್ತಾರೆ, ಅಮೆರಿಕದಲ್ಲಿ 1935ರಲ್ಲಿ ಇಬ್ರು ಕುಡುಕರೇ ಶುರು ಮಾಡಿದ್ದು. ಫೀಸ್ ಇಲ್ಲ, ಪೂರ್ತಿ ಹೆಸರು ಹೇಳ್ಬೇಕಂತ ಇಲ್ಲ, ಕುಡಿಯುದು ಬಿಡ್ಬೇಕು ಅನ್ನುವ ಆಸೆ ಒಂದಿದ್ರೆ ಸಾಕು. ಅವರ 12 ಮೆಟ್ಟಿಲಲ್ಲಿ ಐದನೇದು ದೇವರ ಎದುರು ಮಾತ್ರ ಅಲ್ಲ, ಇನ್ನೊಬ್ಬ ಮನುಷ್ಯನ ಎದುರೂ ತಪ್ಪು ಒಪ್ಪಿಕೊಳ್ಳುದು. ನಂಗೆ ಅದು ಬಾವಿಗೆ ಹಾರಿದಷ್ಟು ಕಷ್ಟ ಆಯ್ತು, ಹೇಳಿ ಆದ ಮೇಲೆ ಎದುರಿನವ ನಕ್ಕು ನಂದೂ ಅದೇ ಕತೆ ಮಾರಾಯ, ಚಾ ಕುಡಿಯುವ ಬಾ ಅಂದ. ಬಿದ್ದ ಮೇಲೆ ಫೋನ್ ಮಾಡಿದ್ರೆ ಉಪಯೋಗ ಕಮ್ಮಿ, ಆಸೆ ಬಂದ ಕೂಡ್ಲೇ ಮಾಡ್ಬೇಕು, ಹತ್ತು ನಿಮಿಷ ಮಾತಾಡುವಾಗ ಅದು ಇಳೀತದೆ.

ಮೊಬೈಲಿಗೆ ಒಂದೇ ಉಪಾಯ, ರಾತ್ರಿ ಅದು ಹಾಲಲ್ಲಿ ಚಾರ್ಜಿಗೆ, ನೀವು ರೂಮಲ್ಲಿ. ಅಲಾರಂಗೆ ಬೇಕು ಅಂತ ಹೇಳ್ಬೇಡಿ, ಅಂಗಡಿಯಲ್ಲಿ ಗಡಿಯಾರ ಸಿಗ್ತದೆ. ಒಂದು ದಿನ ತಪ್ಪಿದ್ರೆ ಎಲ್ಲ ಹೋಯ್ತು ಅಂತಲೂ ಕೂರ್ಬೇಡಿ. ಲಂಡನಿನ ಒಂದು ಅಧ್ಯಯನ 2010ರಲ್ಲಿ ಬಂದದ್ದು, ಹೊಸ ಅಭ್ಯಾಸ ಕೂಡಿ ಬರ್ಲಿಕ್ಕೆ ಸರಾಸರಿ 66 ದಿನ, ಕೆಲವ್ರಿಗೆ 18, ಕೆಲವ್ರಿಗೆ 254ರ ತನಕವೂ ಹೋಗ್ತದೆ ಅಂತ, ನಡುವೆ ಒಂದು ದಿನ ತಪ್ಪಿದ್ರಿಂದ ದೊಡ್ಡ ವ್ಯತ್ಯಾಸ ಏನೂ ಆಗ್ಲಿಲ್ಲ ಅಂತ.

ಕುಲಶೇಖರ

ರೋಸಿನ ವಿಷಯ ನಮ್ಮ ಹತ್ರ ಕೇಳಿ ಹ್ಹ ಹ್ಹ. ಬೇಗ ಹೋಗಿ, ತೆಂಗಿನ ಹಾಲು ಹಚ್ಚುವಾಗ ಮುಂದೆ ಇರಿ, ಫೋಟೋ ತೆಗೆಸಿ, ಆಮೇಲೆ ಬಡಿಸ್ಲಿಕ್ಕೆ ನಿಂತ್ಬಿಡಿ. ಕೈಯಲ್ಲಿ ಸನ್ನಾಸ್ ಪಾತ್ರೆ ಇದ್ದವನಿಗೆ ಯಾರೂ ಗ್ಲಾಸ್ ಕೊಡುದಿಲ್ಲ. ಬ್ಯಾಂಡ್ ಜೋರಾಗುವಾಗ ಹೊರಡಿ, ಅಸಲಿ ಕುಡಿತ ಅಲ್ಲಿಂದ ಶುರು. ಮತ್ತೆ ಕಾರು ನೀವೇ ಬಿಡಿ, ಡ್ರೈವಿಂಗ್ ಉಂಟು ಅಂದ್ರೆ ಈಗ ಯಾರೂ ಒತ್ತಾಯ ಮಾಡುದಿಲ್ಲ.

ಕೇಳಿದವರು

ಅವರ ಮನೆಯವರು ಅಮ್ಮನಿಗೂ ಚಿಕ್ಕಮ್ಮನಿಗೂ ಹೇಳಿಕೆ ಕೊಟ್ಟಿದ್ದಾರೆ, ಇಬ್ರನ್ನೂ ಕಾರಲ್ಲಿ ಕರ್ಕೊಂಡು ಹೋಗ್ತೇನೆ ಹಾಗಾದ್ರೆ. ಒಂಬತ್ತೂವರೆ ಆಗುವಾಗ ಮನೆಗೆ ಹೋಗುವ ಅಂತ ಅವ್ರೇ ಶುರು ಮಾಡ್ತಾರೆ. ಬಿಜೈ ಅಣ್ಣ, ನಿಮ್ಮ ಮೀಟಿಂಗ್ ಯಾವ ದಿನ, ಒಮ್ಮೆ ಇನ್‌ಬಾಕ್ಸಿಗೆ ಹಾಕ್ತೀರಾ?